ಊರುಜ್ವರ ನಿದಾನಂ ಅಥವಾ ಕಲಾಸಿಪಾಳ್ಯ ಸಂಹಿತೆ

ಪೀಠಿಕೆ

ಪರದೇಶದಲ್ಲಿರುವ ಕನ್ನಡಿಗನ ಊರಿನ ಹಂಬಲದ ಬಗ್ಗೆ ಬರೆಯುವವರು ಪಂಪನಿಂದಲೇ ಶುರು ಮಾಡಬೇಕೆಂಬುದು ವಿದ್ವಾಂಸರ ಕಟ್ಟಳೆ. ಅದರಂತೆ: ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ ಬನವಾಸಿಯನ್ನು ನೆನೆದ. ಕಟ್ಟಳೆ ತೀರಿತು. ಆದರೆ ಬನವಾಸಿ ನೆನೆಯತಕ್ಕ ಊರು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಕೂತವನೊಬ್ಬ ಬೆಂಗಳೂರಿನ ಕಲಾಸಿಪಾಳ್ಯವನ್ನು ನೆನೆದು ಕಣ್ಣೊರೆಸಿಕೊಂಡರೆ ಅಲಂಕಾರಶಾಸ್ತ್ರ ಕೈಚೆಲ್ಲುತ್ತದೆ. ಆದ್ದರಿಂದ ವೈದ್ಯಶಾಸ್ತ್ರಕ್ಕೆ ಮೊರೆಹೋಗಲಾಗಿದೆ. ರೋಗವನ್ನು ಅರಿಯಲು ಆಯುರ್ವೇದ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ದಾರಿ ಹೇಳಿದೆ. ಪ್ರಬಂಧದ ನಡಿಗೆಯೂ ಅದೇ.

1. ನಿದಾನ

ಈ ಜ್ವರಕ್ಕೆ ಮೊದಲು ವೈದ್ಯಕೀಯ ನಾಮಕರಣ ಮಾಡಿದವನು ಯೊಹಾನೆಸ್ ಹೋಫರ್. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅವನು ಮಂಡಿಸಿದ ಪ್ರಬಂಧಕ್ಕೆ ನಾಸ್ಟಾಲ್ಜಿಯವೇ ವಿಷಯ. 1705ರಲ್ಲಿ ಜೂರಿಕ್‌ನ ವೈದ್ಯ ಶಾಯ್ಕ್‌ಸರ್ ಅದರ ಕಾರಣವನ್ನೂ ಕಂಡುಹಿಡಿದ. ಬೆಟ್ಟದ ಹಗುರ ಗಾಳಿಯಲ್ಲಿ ಬೆಳೆದ ಸ್ವಿಸ್ ಸೈನಿಕರು ಬಯಲುಸೀಮೆಗೆ ಇಳಿದಾಗ ಅಲ್ಲಿನ ಭಾರದ ಗಾಳಿ ಅವರ ರಕ್ತನಾಳಗಳನ್ನು ಅದುಮುತ್ತದಂತೆ. ಊರಿಗೆ ಕಳಿಸಲಾಗದವರನ್ನು ಗುಡ್ಡದ ಮೇಲೋ ಗೋಪುರದಲ್ಲೋ ಇರಿಸಬೇಕಂತೆ.

ಯುರೋಪು ಈ ಸಿದ್ಧಾಂತವನ್ನು ಎಂದೋ ಕೈಬಿಟ್ಟಿದೆ. ಅನಾಥವಾದ ಅದನ್ನು ನಾವು ದತ್ತು ತೆಗೆದುಕೊಂಡಿದ್ದೇವೆ. ಕಲಾಸಿಪಾಳ್ಯ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಇಂಥ ಗಾಳಿ, ಇಂಥ ಡಿಕಾಕ್ಷನ್ನಿಗೆ ಒಗ್ಗಿದ ದೇಹ ನ್ಯೂಜೆರ್ಸಿಯ ಕಡಲಮಟ್ಟಕ್ಕೆ ಇಳಿದರೆ ಗತಿಯೇನು? ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2016ರ ಸಮ್ಮೇಳನ ಅಟ್ಲಾಂಟಿಕ್ ಸಿಟಿಯಲ್ಲಿ, ಅಂದರೆ ಸಮುದ್ರದ ದಂಡೆಯಲ್ಲೇ ನಡೆಯಿತು. ನಾಡಪ್ರೇಮ ಅಲ್ಲಿ ಉಕ್ಕಿದ್ದರೆ ಹೊಣೆ ವಾಯುಭಾರದ್ದು. ಇನ್ನು ಡೆನ್ವರ್ ನಂದಿಬೆಟ್ಟಕ್ಕಿಂತಲೂ ಎತ್ತರದ ಊರು. ಅಲ್ಲಿನ ಕನ್ನಡಿಗನಿಗೆ ಊರುಜ್ವರ ತಗಲಕೂಡದು, ತಗಲಿದರೆ ಅದು ನಟನೆ.

ಪೂರ್ವಪಕ್ಷ: ಮಂಗಳೂರಿನವನು ಕಡಲಮಟ್ಟದಿಂದ ಕಡಲಮಟ್ಟಕ್ಕೇ ಹೋದವನಲ್ಲವೇ, ಅವನೇಕೆ ಬಂಗುಡೆ ನೆನೆದು ಕೊರಗುತ್ತಾನೆ? ಸಮಾಧಾನ: ಗ್ರಂಥವಿಸ್ತಾರದ ಭಯದಿಂದ ಇದನ್ನು ಇಲ್ಲಿ ಚರ್ಚಿಸುವುದಿಲ್ಲ.

2. ಪೂರ್ವರೂಪ

ಜ್ವರಕ್ಕೆ ಮುಂಚೆ ಕಾಣುವ ಚಿಹ್ನೆಗಳಿವು. ಕಿಟಕಿಯಾಚೆ ಹಿಮ ಸುರಿಯುತ್ತಿದ್ದರೂ ರೋಗಿ ಮೊಬೈಲಿನಲ್ಲಿ ಬೆಂಗಳೂರಿನ ಹವಾಮಾನ ನೋಡುತ್ತಾನೆ. ಗಡಿಯಾರ ಕಂಡೊಡನೆ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಕೂಡಿಸಿ, ‘ಅಮ್ಮ ಈಗ ಎದ್ದಿರ್ತಾಳೆ’ ಎನ್ನುತ್ತಾನೆ. ಯುಗಾದಿಯನ್ನು ಪಂಚಾಂಗ ಹೇಳಿದ ದಿನ ಬಿಟ್ಟು, ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರ ಆಚರಿಸುತ್ತಾನೆ. ಚಾಂದ್ರಮಾನ, ಸೌರಮಾನಗಳ ಜೊತೆಗೆ ಇದನ್ನು ಬಾಡಿಗೆಮಾನ ಎಂದು ಒಪ್ಪಿಕೊಳ್ಳುವುದು ಕ್ಷೇಮ.

3. ರೂಪ

ರೋಗಿಯ ಪೂರ್ವಾಶ್ರಮವನ್ನು ಕೆದಕಿದರೆ ಅವನು ಬಸವನಗುಡಿಯವನೋ ಮಲ್ಲೇಶ್ವರದವನೋ ಆಗಿರುತ್ತಾನೆ. ಗೌರಿ ಹಬ್ಬದ ಮುನ್ನಾದಿನ ಮಾರ್ಕೆಟ್ಟಿಗೆ ಹೂವು ತರಲು ಹೋದಾಗಲಷ್ಟೇ ಕಲಾಸಿಪಾಳ್ಯಕ್ಕೆ ಕಾಲಿಟ್ಟವನು, ಅದೂ ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಈಗ ಅದೇ ಕೊಳೆತ ಎಲೆಕೋಸು, ಡೀಸೆಲ್ ಹೊಗೆ, ಕಾಲಡಿಯ ಕೆಸರು ಅವನ ಬಾಯಲ್ಲಿ ‘ನಮ್ಮ ಕಲಾಸಿಪಾಳ್ಯ’ ಆಗಿವೆ. 2023ರಲ್ಲಿ ಅಲ್ಲಿ ಹೊಸ ಬಸ್ ನಿಲ್ದಾಣ ತೆರೆದಾಗ ಇಡೀ ಊರು ‘ಅಂತೂ ಆಯ್ತಪ್ಪ’ ಎಂದು ಉಸಿರುಬಿಟ್ಟಿತು, ರೋಗಿ ಮಾತ್ರ ಫೋಟೋ ನೋಡಿ ‘ಮೊದಲಿನ ಕಳೆಯೇ ಇಲ್ಲ’ ಎಂದು ನಿಟ್ಟುಸಿರುಬಿಟ್ಟ.

ರೋಗ ಹಳತಾದಾಗ ಕಾಣುವ ಇನ್ನೊಂದು ಲಕ್ಷಣವುಂಟು. ಸೀಟು ತುಂಬುವ ತನಕ ಎಂಜಿನ್ ಮೊರೆಸುತ್ತ ಒಂದಡಿ ಮುಂದೆ, ಒಂದಡಿ ಹಿಂದೆ ಸರಿದು ‘ಹೊರಟೇ ಹೋಯ್ತು’ ಎಂದು ನಂಬಿಸುವ ಖಾಸಗಿ ಬಸ್ಸಿನಂತೆ, ರೋಗಿ ‘ಮುಂದಿನ ವರ್ಷ ವಾಪಸ್ ಬಂದ್ಬಿಡ್ತೀವಿ’ ಎನ್ನುತ್ತಲೇ ಇರುತ್ತಾನೆ.

4. ಉಪಶಯ

ಯಾವ ಮದ್ದು ಹಿಡಿಯಿತು ಎಂಬುದರಿಂದ ರೋಗವನ್ನು ತಿಳಿಯುವುದು ಉಪಶಯ. ಹೋಫರ್ ಒಬ್ಬ ರೋಗಿಯ ಕಥೆ ಹೇಳುತ್ತಾನೆ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ ಜ್ವರದಿಂದ ಸಾಯುವಂತಾದ. ಊರಿಗೆ ಕಳಿಸುತ್ತೇವೆ ಎಂದಾಗ ಚೇತರಿಸಿಕೊಂಡ, ಬರ್ನ್ ತಲುಪುವ ಮೊದಲೇ ಪೂರ್ತಿ ವಾಸಿಯಾದ. ಆ ದೂರ ಬೆಂಗಳೂರಿನಿಂದ ಮಂಡ್ಯದಷ್ಟು. ನಮ್ಮ ಲೆಕ್ಕದಲ್ಲಿ ಹುಡುಗ ಮದ್ದೂರಿನಲ್ಲಿ ವಡೆ ತಿನ್ನುವ ಹೊತ್ತಿಗೆ ಗುಣಮುಖ.

ನಮ್ಮ ರೋಗಿಗೂ ವಿಮಾನದಲ್ಲೇ ಅರ್ಧ ಗುಣ. ಉಳಿದರ್ಧ ಕೈಕೊಡುವುದು ಚಾಮರಾಜಪೇಟೆಯ ಚಿಕ್ಕಪ್ಪನ ಮನೆಯಲ್ಲಿ. ‘ಯಾವಾಗ ಬಂದೆ?’ ಎಂದವರು ಉತ್ತರಕ್ಕೆ ಕಾಯದೆ ‘ವಾಪಸ್ಸು ಯಾವತ್ತು?’ ಎನ್ನುತ್ತಾರೆ. ಅಲ್ಲಿ ಹೊರಗಿನವನಾಗಿದ್ದವನು ಇಲ್ಲಿ ಅತಿಥಿಯಾದ. ಜ್ವರ ಮರುಕಳಿಸಿತು, ಈ ಸಲ ಮುಖ ಎಡಿಸನ್ನಿನ ಕಡೆಗೆ.

5. ಸಂಪ್ರಾಪ್ತಿ

ಹಾಗಾದರೆ ರೋಗ ಕೂತಿರುವುದೆಲ್ಲಿ? ಇಲ್ಲಿ ವಾಯುಭಾರ ಸಿದ್ಧಾಂತವನ್ನು ಸಕಲ ಗೌರವದೊಂದಿಗೆ ಹೂಳುತ್ತೇವೆ.

ಕಲಾಸಿಪಾಳ್ಯ ಯಾರ ಊರೂ ಅಲ್ಲ. ತಮಿಳುನಾಡು, ಆಂಧ್ರ, ಕೇರಳಕ್ಕೆ ಹೋಗುವವರು, ಕೋಲಾರ, ಚಿಂತಾಮಣಿಯ ಕಡೆಯವರು, ಮೂಟೆ ಹೊರುವವರು, ಸೊಪ್ಪು ತಂದವರು, ವಿಕ್ಟೋರಿಯಾ ಆಸ್ಪತ್ರೆಯಿಂದ ಚೀಟಿ ಹಿಡಿದು ಬಂದವರು, ಎಲ್ಲರೂ ಬೇರೆಲ್ಲಿಗೋ ಹೋಗಲು ಅಲ್ಲಿ ನಿಂತವರೇ. ಬಾಗಿಲಲ್ಲಿ ಜೋತುಬಿದ್ದ ಕ್ಲೀನರ್ ಅವರನ್ನು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಿಗೆ?’ ಎಲ್ಲಿಂದ ಬಂದೆ ಎಂಬುದು ಟಿಕೆಟ್ಟಿಗೆ ಬೇಕಿಲ್ಲ. ‘ಬನ್ನಿ ಬನ್ನಿ, ಒಳಗೆ ಹೋಗಿ, ಸ್ವಲ್ಪ ಸರೀರಿ’ ಎಂಬ ಗದರಿಕೆಯಲ್ಲಿ ಪೌರತ್ವ ಕೊಟ್ಟಾಯಿತು.

ಎಲ್ಲಿಯವನು ಎಂದು ದಿನಾ ಕೇಳಿಸಿಕೊಂಡು ಬೆಂದವನು ಹಂಬಲಿಸುವುದು ಈ ಗದರಿಕೆಗೆ. ಇಷ್ಟು ಕರುಣಾಜನಕ ರೋಗಿ ತನ್ನ ಕನ್ನಡ ಕೂಟಕ್ಕೆ ಹೊಸಬರು ಬಂದಾಗ ಏನು ಕೇಳುತ್ತಾನೆ? ‘ಬೆಂಗಳೂರಲ್ಲಿ ಎಲ್ಲಿ? ಬಸವನಗುಡೀನಾ? ಯಾವ ರೋಡು? ಮನೇಲಿ ಏನು ಮಾತಾಡ್ತೀರಿ? ಯಾವ ವೀಸಾ?’ ಪೇಪರ್ ತಟ್ಟೆಯಲ್ಲಿ ಬಿಸಿಬೇಳೆಭಾತ್ ಹಿಡಿದೇ ಇಮಿಗ್ರೇಷನ್ ಕೌಂಟರ್ ತೆರೆದಿರುತ್ತಾನೆ. ಗಾಳಿ ಮಾಡದ ಸೋಂಕನ್ನು ಈ ಪ್ರಶ್ನಾವಳಿ ಮಾಡುತ್ತದೆ. ಔಷಧ ಸುಲಭ: ಏನೂ ಕೇಳದೆ ಸ್ವಲ್ಪ ಸರಿದು ಕೂರುವುದು.

ಫಲಶ್ರುತಿ

ಈ ಸಂಹಿತೆಯನ್ನು ಬಾಡಿಗೆಮಾನ ಯುಗಾದಿಯಂದು ಓದಿದವನಿಗೆ ಸಭಾಂಗಣದೆದುರೇ ಪಾರ್ಕಿಂಗ್ ಸಿಗುವುದು. ಕೇಳಿದವನಿಗೆ ಎರಡನೇ ಹೋಳಿಗೆ. ಬರೆದು ಹಂಚಿದವನ ಮಕ್ಕಳು ಅಜ್ಜಿಯ ಜೊತೆ ಕನ್ನಡದಲ್ಲೇ ಜಗಳವಾಡುವರು. ಔಷಧ ಸೇವಿಸಿದವನಿಗೆ ಹೊಸಬರೆಲ್ಲ ನೆಂಟರಾಗಿ, ಅವರೆಲ್ಲರನ್ನೂ ಏರ್‌ಪೋರ್ಟಿಗೆ ಬಿಡುವ ಭಾಗ್ಯ ಆಜೀವಪರ್ಯಂತ ಲಭಿಸುವುದು.