ಪಶ್ಚಿಮಕ್ಕೆ ಮುತ್ತಜ್ಜಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಮುತ್ತಾತನನ್ನು ಹುಡುಕುವುದು ಶಾಸ್ತ್ರವಲ್ಲ, ಬರೀ ಓಡಾಟ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದರೆ ಇಂಥವರು ಬಿನ್ ಇಂಥವರು ಎಂದು ಆತ ತಾನಾಗಿ ಎದ್ದು ಬರುತ್ತಾನೆ, ಜೊತೆಗೆ ಅಪ್ಪನನ್ನೂ ಕರೆತರುತ್ತಾನೆ. ಪಾಂಡಿತ್ಯ ಬೇಕಾಗುವುದು ಮುತ್ತಜ್ಜಿಗೆ.

ಮೊದಲು ಪಹಣಿಯ ಘನತೆ ಅರಿಯಬೇಕು. ಅದರಲ್ಲಿ ಮಣ್ಣಿಗೆ ಕಲಂ ಇದೆ, ಮರಗಳಿಗೆ ಇದೆ, ನೀರಿನ ಮೂಲಕ್ಕೂ ಇದೆ. ಏನೂ ಬೆಳೆಯದ ಜಾಗವನ್ನು ಸಹ ‘ಅ’ ಖರಾಬು, ‘ಬ’ ಖರಾಬು ಎಂದು ವಿಂಗಡಿಸಿ ಗುಂಟೆ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಸೊಪ್ಪಿನಬೆಟ್ಟಕ್ಕೆ ಸರ್ವೆ ನಂಬರ್ ಉಂಟು. ಸೊಪ್ಪು ಹೊತ್ತವಳಿಗೆ ಇಲ್ಲ, ಆಕೆ ಸ್ಥಿರಾಸ್ತಿಯಲ್ಲವಲ್ಲ.

ಕಲಂ 9ರಲ್ಲಿ, ಅಂದರೆ ಸ್ವಾಧೀನದಾರರ ಹೆಸರಿನಲ್ಲಿ, ಆಕೆಯನ್ನು ಹುಡುಕಿ ಕಣ್ಣು ಕೆಡಿಸಿಕೊಳ್ಳಬಾರದು. ಗಂಡ ತೀರಿಹೋಗಿ, ಮಗ ಮೈನರಾಗಿದ್ದು, ಮೈದುನಂದಿರು ಜಗಳಕ್ಕೆ ನಿಂತಿದ್ದರೆ ಮಾತ್ರ ಪೌತಿ ಖಾತೆಯಲ್ಲಿ ‘ಮೈನರ್ ಗಾರ್ಡಿಯನ್ ತಾಯಿ’ ಎಂದು ಒಮ್ಮೆ ಇಣುಕುತ್ತಾಳೆ. ಸುಖವಾಗಿ ಸಂಸಾರ ಮಾಡಿ ಮುತ್ತೈದೆಯಾಗಿ ಸತ್ತ ಮುತ್ತಜ್ಜಿಯರಿಂದ ಸಂಶೋಧನೆಗೆ ಯಾವ ಉಪಯೋಗವೂ ಇಲ್ಲ.

ಕಲಂ 11 ಫಲವತ್ತು. ಅದು ‘ಇತರೆ ಹಕ್ಕುಗಳು ಮತ್ತು ಋಣಗಳು’. ಸೊಸೈಟಿ ಸಾಲದ ಕೆಳಗೆ ‘ಇಂಥವರು ಕೋಂ ಲೇಟ್ ಇಂಥವರು, ಜೀವನಾಂಶ’ ಎಂಬ ಸಾಲು ಕಂಡರೆ ಅದೇ ಆಕೆ. ಸಾಲ ತೀರಿದಾಗ ಒಂದು ಗೆರೆ ಎಳೆದಿರುತ್ತಾರೆ, ಆಕೆ ತೀರಿದಾಗ ಇನ್ನೊಂದು. ಎರಡು ಗೆರೆಗಳಲ್ಲಿ ಯಾವುದು ಯಾರದೆಂದು ಗುರುತಿಸಲು ಅನುಭವ ಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು ವಿಧವೆಗೂ ಪಾಲು ಕೊಟ್ಟಿತು. ಬ್ರಿಟಿಷ್ ಇಂಡಿಯಾಕ್ಕೆ ಆ ಬುದ್ಧಿ ಬಂದದ್ದು 1937ರಲ್ಲಿ. ಆದ್ದರಿಂದ 1933ಕ್ಕೆ ಮುಂಚೆ ಗಂಡ ಸತ್ತಿದ್ದರೆ ಜೀವನಾಂಶದ ಕಾಗದ ನೋಡಿ, ಆಮೇಲೆ ಸತ್ತಿದ್ದರೆ ಕೋರ್ಟಿನ ಕಡತ ನೋಡಿ.

ಎರಡೂ ಕೈಕೊಟ್ಟರೆ ಪಕ್ಕದ ಮನೆಯವರ ಪತ್ರ ಕೇಳಬೇಕು. ನಿಮ್ಮ ಮನೆಯ ಕಾಗದದಲ್ಲೆಲ್ಲೂ ಇಲ್ಲದ ಮುತ್ತಜ್ಜಿ ನೆರೆಯವರ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತಾಳೆ: ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಕಾನು, ಉತ್ತರಕ್ಕೆ ಗಾಡಿದಾರಿ, ಪಶ್ಚಿಮಕ್ಕೆ ಪುಟ್ಟಮ್ಮನ ಹಿತ್ತಲು. ಸ್ವಂತ ಮನೆಯಲ್ಲಿ ಸಿಗದ ಸ್ಥಾನ ಆಕೆಗೆ ದಿಕ್ಕಾಗಿ ಸಿಕ್ಕಿದೆ. ಅದೇ ಪತ್ರದ ಕೊನೆಗೆ ಬರೆದ ಶಾನುಭೋಗರ ಹೆಸರು, ಸಾಕ್ಷಿಗಳ ಹೆಸರು, ಛಾಪಾಕಾಗದ ಮಾರಿದವನ ಹೆಸರು ಎಲ್ಲವೂ ಉಂಟು. ಆಕೆ ಒಪ್ಪಿಗೆ ಕೊಟ್ಟಿದ್ದರೆ ಅದು ಎಡಗೈ ಹೆಬ್ಬೆಟ್ಟು.

ಪುಟ್ಟಮ್ಮ ನಿಜವಾದ ಹೆಸರೇ ಎಂದು ಕೇಳಬಾರದು. ಶೃಂಗೇರಿ ಕಡೆ ಶಾರದಮ್ಮ ಸಿಕ್ಕರೆ ಹಿಗ್ಗಲೂಬಾರದು, ಮನೆಗೊಬ್ಬರು ಇದ್ದರು. ಕಾನೂನಿನ ಕಣ್ಣಲ್ಲಿ ಆ ಹೆಸರಿನ ದೇವತೆಯೂ ಆಸ್ತಿ ಹೊಂದಬಹುದು. ಗಂಡನ ಹೆಸರು ಕೇಳದೆ ಖಾತೆ ಮಾಡಿಕೊಡುವುದು ಆಕೆಯೊಬ್ಬಳಿಗೇ. 1791ರಲ್ಲಿ ಮರಾಠಾ ದಂಡಿನ ಪಿಂಡಾರಿಗಳು ಶೃಂಗೇರಿ ಮಠ ಲೂಟಿ ಮಾಡಿದ್ದರಿಂದ ನಮ್ಮ ಅಜ್ಜಿಯರ ಹೆಸರು ಹೋಯಿತು ಎಂದು ವಾದಿಸಬಹುದು. ಅಜ್ಜಂದಿರ ಹೆಸರು ಹೇಗೆ ಉಳಿಯಿತು ಎಂದು ಕೇಳುವವರು ಇಲ್ಲದ ಸಭೆಯಲ್ಲಿ ವಾದಿಸುವುದು ಕ್ಷೇಮ.

ನರಸಿಂಹರಾಜಪುರದವರ ಕಷ್ಟ ಬೇರೆ. 1915ರವರೆಗೆ ಅದು ಎಡೇಹಳ್ಳಿ, ಆಮೇಲೆ ಯುವರಾಜರ ಹೆಸರು ಬಂತು; ಗಂಡಿನ ಹೆಸರು ಬಂದ ಮೇಲೆ ಹಳೆಯದು ಅಳಿಯುವ ಅನುಭವ ಊರಿಗೇ ಇದೆ. ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಚೆಕ್ಕುಬಂದಿ ಹಿಡಿದು ಹೊರಟರೆ ನಾಲ್ಕೂ ದಿಕ್ಕಿಗೆ ಭದ್ರೆಯೇ.

ಖಚಿತ ವಿಧಾನ ಒಂದಿದೆ: ಮಗ ರಾಷ್ಟ್ರಕವಿಯಾಗುವುದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಸೀತಮ್ಮನವರ ಹೆಸರು ನಾಡಿಗೆ ಗೊತ್ತಿರುವುದು 1904ರಲ್ಲಿ ಅಲ್ಲಿ, ತಾಯಿಯ ತವರಿನಲ್ಲಿ, ಕುವೆಂಪು ಹುಟ್ಟಿದ್ದರಿಂದ. ಆದರೂ ಕವಿಯ ಹೆಸರಿಗೆ ಅಂಟಿಕೊಂಡದ್ದು ಅಪ್ಪನ ಊರು ಕುಪ್ಪಳಿ. ಎಲ್ಲ ಕುಟುಂಬಗಳಿಗೂ ಈ ವಿಧಾನ ಶಿಫಾರಸು ಮಾಡಲಾರೆ, ಫಲಿತಾಂಶ ತಡ.

ಮುಂದಿನ ಸಂಶೋಧಕರಿಗೆ ಈ ಪರದಾಟವಿಲ್ಲ. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ ಒಂದು ಪತ್ರದಲ್ಲಿ ಅವರ ಹೆಸರು ಕಾಗುಣಿತ ತಪ್ಪದೆ ಬರುತ್ತಿದೆ. ವಯಸ್ಸು, ತಂದೆ, ಗಂಡ, ಭಾವಚಿತ್ರ, ಹೆಬ್ಬೆರಳು. ಇಷ್ಟು ಪರಿಪೂರ್ಣ ಸ್ತ್ರೀ ದಾಖಲೆ ಈ ಸೀಮೆ ಹಿಂದೆಂದೂ ಕಂಡಿರಲಿಲ್ಲ. ಪತ್ರದ ಹೆಸರು ಹಕ್ಕು ಖುಲಾಸೆ. ಅಣ್ಣನೇ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ವಾಪಸು ಬರುವಾಗ ಒಂದು ಸೀರೆಯನ್ನೂ ಕೊಡಿಸುತ್ತಾನೆ. ಸೀರೆ ದಾಖಲೆಯಲ್ಲಿ ಬರುವುದಿಲ್ಲ.