ಎಡಗೈ ತೋರುಬೆರಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಜಯನಗರ ನಿವಾಸಿ ಯಜಮಾನರೊಬ್ಬರ ಎಡಗೈ ತೋರುಬೆರಳಿಗೆ,

ಯಜಮಾನರಿಗೇ ಬರೆಯಬಹುದಿತ್ತು. ಆದರೆ ಅವರು ಓದುವುದು ವಾಟ್ಸ್ಯಾಪ್ ಮಾತ್ರ, ಅದರಲ್ಲೂ ಹತ್ತು ಕೈ ದಾಟಿ ಬಂದ ಫಾರ್ವರ್ಡುಗಳನ್ನು. ಬೆಳಗಿನ ವಾಕಿಂಗ್ ಮುಗಿಸಿ ಬೈಟೂ ಕಾಫಿ ಹಿಡಿದು ನಿಂತರೆಂದರೆ ದೇಶ ಎಲ್ಲಿ ಹಳ್ಳ ಹಿಡಿಯಿತೆಂದು ಮುಕ್ಕಾಲು ಗಂಟೆ ವಿವರಿಸಬಲ್ಲರು. ಬಲಗೈಯಲ್ಲಿ ಲೋಟ ಇರುವುದರಿಂದ ಗಾಳಿಯಲ್ಲಿ ಕುಣಿಯುವ ಕೆಲಸ ನಿನ್ನದು. ಪಾಪ, ಇಷ್ಟೆಲ್ಲ ಕುಣಿದರೂ ನಿನ್ನ ಉಗುರಿನ ಮೇಲೆ ಇದುವರೆಗೆ ಒಂದು ಕಪ್ಪು ಗೆರೆಯೂ ಬಿದ್ದಿಲ್ಲ.

ನಿನಗೆ ಗೊತ್ತಿರಲಿಕ್ಕಿಲ್ಲ, ನಿನ್ನ ಸಲುವಾಗಿಯೇ ಮೈಸೂರಿನಲ್ಲೊಂದು ಕಾರ್ಖಾನೆ ದುಡಿಯುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಬೆರಳುಗಳಿಗೆ ಶಾಯಿ ಹೋಗುವುದು ಅಲ್ಲಿಂದ. ಒಂದು ಪುಟ್ಟ ಸೀಸೆಯಲ್ಲಿ ಸುಮಾರು 700 ಬೆರಳುಗಳಿಗಾಗುವಷ್ಟು ಶಾಯಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಉಗುರಿನ ಗೆರೆ ಉಗುರು ಬೆಳೆದ ಹಾಗೆ ಮೇಲೆ ಸರಿದು ಕತ್ತರಿಗೆ ಸಿಕ್ಕಿದಾಗಲೇ ಹೋಗುವುದು. ಎಷ್ಟೋ ಹೊರದೇಶಗಳಿಗೂ ಇದು ರಫ್ತಾಗಿದೆ. ಸಮುದ್ರ ದಾಟಿದ ಶಾಯಿಗೆ ಮೈಸೂರು ರಸ್ತೆ ಹಿಡಿದು ಜಯನಗರದ ಒಂದು ಬೆರಳನ್ನು ಮುಟ್ಟಲಾಗಲಿಲ್ಲ.

ಚುನಾವಣಾ ಆಯೋಗ ಪ್ರಯತ್ನ ಮಾಡಿಲ್ಲವೆಂದಲ್ಲ. ಶುಕ್ರವಾರ, ಸೋಮವಾರ ಮತದಾನ ಇಟ್ಟರೆ ಪಟ್ಟಣದವರು ಊರು ಬಿಡುತ್ತಾರೆಂದು 2023ರ ವಿಧಾನಸಭಾ ಚುನಾವಣೆಯನ್ನು ಬೇಕೆಂದೇ ಮೇ 10ರ ಬುಧವಾರಕ್ಕೆ ಇಟ್ಟಿತು. ಯಜಮಾನರು ಆಯೋಗಕ್ಕಿಂತ ಒಂದು ಹೆಜ್ಜೆ ಮುಂದೆ. ಸೋಮವಾರಕ್ಕೂ ಮಂಗಳವಾರಕ್ಕೂ ರಜೆ ಬರೆದುಕೊಟ್ಟು, ಹಿಂದಿನ ಶನಿವಾರ ಭಾನುವಾರ ಸೇರಿಸಿ, ಐದು ದಿನ ಸಕಲೇಶಪುರದ ಹೋಮ್‌ಸ್ಟೇಯಲ್ಲಿ ಕಾಲು ಚಾಚಿದರು. ಬುಧವಾರದ ರಜೆಗೆ ಸಂಬಳ ಬೇರೆ. ಮತದಾರನಿಗೆ ಸಂಬಳಸಹಿತ ರಜೆ ಕೊಡದ ಮಾಲೀಕನಿಗೆ 500 ರೂಪಾಯಿವರೆಗೆ ದಂಡ ಹಾಕುವ ಕಾನೂನಿದೆ. ಆ ರಜೆಯನ್ನು ಹೋಮ್‌ಸ್ಟೇಯಲ್ಲಿ ಕರಗಿಸಿದವರಿಗೆ ದಂಡ ಹಾಕುವ ಕಾನೂನಿಲ್ಲ. ಮೂರು ದಿನ ಬಿಟ್ಟು ಎಣಿಕೆ ನಡೆಯಿತು. ಮರುಎಣಿಕೆಗಳ ಗಲಾಟೆ ಮುಗಿದು ತಡರಾತ್ರಿ ಫಲಿತಾಂಶ ಹೊರಬಿದ್ದಾಗ ಜಯನಗರದ ಗೆಲುವಿನ ಅಂತರ 16 ಮತ. ಆ ಹೋಮ್‌ಸ್ಟೇಯ ಊಟದ ಮೇಜಿನ ಸುತ್ತ ಎಷ್ಟು ಮಂದಿ ಕೂತಿದ್ದರೆಂದು ನೀನೇ ಎಣಿಸಿಕೋ. ಎಣಿಸಲು ಬೆರಳೇ ತಾನೆ ಬೇಕಾದದ್ದು!

2024ರ ಲೋಕಸಭೆಗೆ ಮತದಾನ ಏಪ್ರಿಲ್ 26ರ ಶುಕ್ರವಾರ. ರಜೆ ಚೀಟಿ ಬರೆಯುವ ಶ್ರಮವೂ ತಪ್ಪಿತು. ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ಶೇಕಡ 53ರ ಆಸುಪಾಸು, ಅದೇ ದಿನ ಅದೇ ಬಿಸಿಲಿನಲ್ಲಿ ಮಂಡ್ಯದಲ್ಲಿ ಶೇಕಡ 81 ದಾಟಿತು.

"ನನ್ನ ಒಂದು ಮತದಿಂದ ಏನಾಗಬೇಕಿದೆ?" ಎನ್ನುತ್ತಾರಲ್ಲ ನಿನ್ನ ಯಜಮಾನರು, ಸಂತೇಮರಹಳ್ಳಿಯವರನ್ನು ಕೇಳಲಿ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರು ಚಾಲಕನೇ ಅಂದು ಮತ ಹಾಕಿರಲಿಲ್ಲ ಎಂಬ ಮಾತು ಇಂದಿಗೂ ಚಾಮರಾಜನಗರದ ಕಡೆ ಓಡಾಡುತ್ತದೆ.

ಯಜಮಾನರ ಎರಡನೆಯ ನೆಪ, ವೋಟರ್ ಕಾರ್ಡ್ ಎಲ್ಲಿಟ್ಟೆನೋ ಗೊತ್ತಿಲ್ಲ ಎಂಬುದು. ಕಳೆದರೆ ಕಳೆಯಲಿ. ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ನಡೆಯುತ್ತವೆ. ನಡೆಯದಿರುವುದು ಮನೆಗೆ ಬರುವ ಮತದಾರರ ಚೀಟಿಯೊಂದನ್ನೇ ಹಿಡಿದು ಹೋಗುವುದು; 2019ರಿಂದ ಅದು ಗುರುತಿನ ದಾಖಲೆಯಲ್ಲ. ಇನ್ನು ಕಾರ್ಡ್ ಫಳಫಳ ಹೊಳೆಯುತ್ತಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವಾಪಸ್. ಮನೆ ಬದಲಿಸಿದವರು ನಮೂನೆ 8 ತುಂಬಬೇಕಾದದ್ದು ಮೊದಲೇ, ಮತಗಟ್ಟೆ ಮುಂದೆ ಟಿ.ವಿ. ಕ್ಯಾಮೆರಾ ಕಂಡಾಗಲ್ಲ. ಮನೆಗೇ ಬಂದು ಮತ ಹಾಕಿಸಿಕೊಂಡು ಹೋಗುವ ಏರ್ಪಾಡೂ ಇದೆ. 2024ರಲ್ಲಿ ಅದು ಕನಿಷ್ಠ ಶೇಕಡ 40ರಷ್ಟು ಅಂಗವೈಕಲ್ಯ ಇರುವವರಿಗೆ ಮತ್ತು 85 ದಾಟಿದವರಿಗೆ. ಯಜಮಾನರಿಗೆ ಈಗ 52.

ಹಾಗಾಗಿ ಮುಂದಿನ ಸಲ ನೀನೇ ಅವರನ್ನು ಎಳೆದುಕೊಂಡು ಹೋಗಬೇಕು. ದಾರಿ ಕೇಳು. ಹಿಂದಿನ ಸಂಜೆಯೇ ಬಂದು ಶಾಲೆಯ ಬೆಂಚು ಸರಿಸಿ ಮಲಗಿದ್ದ ಸಿಬ್ಬಂದಿ, ಬೆಳಗಾಗುವ ಹೊತ್ತಿಗೆ ಏಜೆಂಟರ ಮುಂದೆ ಕನಿಷ್ಠ 50 ಅಣಕು ಮತ ಹಾಕಿಸಿ, ಎಣಿಸಿ ತೋರಿಸಿ, ಅಳಿಸಿ, ಯಂತ್ರಕ್ಕೆ ಮೊಹರು ಹಾಕಿರುತ್ತಾರೆ. ಒಳಗೆ ಹೋದರೆ ಮೊದಲ ಮೇಜಿನವರು ಯಜಮಾನರ ಹೆಸರನ್ನು ಜೋರಾಗಿ ಓದುತ್ತಾರೆ. ಏಜೆಂಟರಿಗೆ ಕೇಳಿಸಲೆಂದು, ಅವಮಾನಿಸಲೆಂದಲ್ಲ. ಎರಡನೆಯ ಮೇಜಿನಲ್ಲಿ ರಿಜಿಸ್ಟರಿಗೆ ಸಹಿ, ನಿನಗೆ ಶಾಯಿ, ಕೈಗೊಂದು ಚೀಟಿ. ಮೂರನೆಯವರು ಆ ಚೀಟಿ ತೆಗೆದುಕೊಂಡು ನಿನ್ನ ಗುರುತು ನೋಡಿ ಯಂತ್ರಕ್ಕೆ ಅಪ್ಪಣೆ ಕೊಡುತ್ತಾರೆ. ಮರೆಯ ಹಿಂದೆ ನೀಲಿ ಗುಂಡಿ, ಕೆಂಪು ದೀಪ, ಒಂದು ಉದ್ದನೆಯ ಬೀಪ್. ಪಕ್ಕದ ವಿವಿಪ್ಯಾಟ್ ಗಾಜಿನಲ್ಲಿ ಚಿಹ್ನೆ, ಹೆಸರು ಇರುವ ಚೀಟಿ 7 ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಯಾರೂ ಬೇಡವಾದರೆ ಪಟ್ಟಿಯ ತುದಿಯಲ್ಲಿ ನೋಟಾ 2013ರಿಂದ ಕಾದು ಕೂತಿದೆ. ಫೋನ್ ಒಳಗೆ ಬಿಡುವುದಿಲ್ಲ, ಆ 7 ಸೆಕೆಂಡು ಯಜಮಾನರು ಸೆಲ್ಫಿ ಇಲ್ಲದೆ ಬದುಕಬೇಕಾಗುತ್ತದೆ.

ಸಂಜೆ 6ಕ್ಕೆ ಬಾಗಿಲು ಹಾಕುತ್ತಾರೆಂದು ಹೆದರಿಸಿದರೆ ನಂಬಬೇಡ. ಆ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಡುತ್ತಾರೆ, ಅದೂ ಸಾಲಿನ ಕೊನೆಯವರಿಂದ ಶುರುಮಾಡಿ. ಚೀಟಿ ಇದ್ದವರು ರಾತ್ರಿಯಾದರೂ ಮತ ಹಾಕಿಯೇ ಬರುವುದು.

ಒಂದು ಗುಟ್ಟು. 2024ರಲ್ಲಿ ಶಾಯಿ ತೋರಿಸಿದವರಿಗೆ ಉಚಿತ ತಿಂಡಿ ಕೊಡಲು ಬೆಂಗಳೂರಿನ ಹೋಟೆಲಿನವರು ಹೈಕೋರ್ಟಿನಿಂದ ಒಪ್ಪಿಗೆ ತಂದಿದ್ದರು. ಸುದ್ದಿ ಕೇಳಿ ಯಜಮಾನರು ಮಗಳ ಸ್ಕೆಚ್ ಪೆನ್ ಹುಡುಕಿದ್ದು ನಿನಗೆ ನೆನಪಿರಬೇಕು.

ಮತದಾನದ ಬೆಳಿಗ್ಗೆ ಮಾತ್ರ ಎಣ್ಣೆ ಹಚ್ಚಿಸಿಕೊಳ್ಳಬೇಡ. ಜಿಡ್ಡಿದ್ದರೆ ಶಾಯಿ ಹಿಡಿಯುವುದಿಲ್ಲ, ಅಧಿಕಾರಿ ಬಟ್ಟೆಯಲ್ಲಿ ಒರೆಸಿಯೇ ಹಚ್ಚುತ್ತಾರೆ.

ಇಂತಿ,
ನೆರೆಮನೆಯ ಗುರುತು ಬಿದ್ದ ಬೆರಳು