ಕಾರಿನ ತೊಲೆ: ಒಂದು ಅಂಗಾತ ಅಧ್ಯಯನ

ಮಾಳಿಗೆಯ ಮನೆಯಲ್ಲಿ ಜಂತಿಗಳನ್ನೂ ಅವುಗಳ ಮೇಲಿನ ಮಣ್ಣನ್ನೂ ಹೊರುವ ಅಡ್ಡಮರಕ್ಕೆ ತೊಲೆ ಎಂದು ಹೆಸರು. ಕಾರಿನಲ್ಲಿ ಡ್ಯಾಶ್‌ಬೋರ್ಡಿನ, ಅಂದರೆ ಚಾಲಕನ ಮುಂದಿನ ಪ್ಲಾಸ್ಟಿಕ್ ಹಲಗೆಯ, ಹಿಂದೆ ಅಡಗಿರುವ ಲೋಹದ ಕೊಳವೆಯೊಂದು ಇದೇ ಕೆಲಸ ಮಾಡುತ್ತಿದ್ದು, ಸ್ಟೇರಿಂಗ್ ದಂಡ, ಏಸಿ ಪೆಟ್ಟಿಗೆ, ವಯರುಗಳ ಕಟ್ಟು ಎಲ್ಲವೂ ಅದನ್ನೇ ನಂಬಿ ಜೋತುಬಿದ್ದಿರುತ್ತವೆ. ಮನೆಯ ತೊಲೆಯನ್ನು ಜಂತಿ ಎಣಿಸುತ್ತ ಮಲಗುವ ಸೋಮಾರಿಯೂ ಬಲ್ಲ. ಕಾರಿನ ತೊಲೆಯನ್ನು ಕಾಣಲು ತಲೆಯನ್ನು ಬ್ರೇಕಿನ ಬಳಿಗೂ ಕಾಲುಗಳನ್ನು ಸೀಟಿನ ಮೇಲಕ್ಕೂ ಕಳುಹಿಸಬೇಕೆಂಬುದು ಪ್ರಸ್ತುತ ಲೇಖಕನು ಸ್ವಂತ ಬೆನ್ನಿನಿಂದ ಸಂಪಾದಿಸಿದ ಜ್ಞಾನ.

ನವಲಗುಂದ ತಾಲ್ಲೂಕಿನ ತಿರ್ಲಾಪುರದ ನೆಲ ಎರೆ, ಅಂದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣು. ಅದರ ಮೇಲಿನ ಡಾಂಬರೂ ನೆಲದೊಂದಿಗೆ ಏರಿಳಿಯುವುದರಿಂದ ಇಲ್ಲಿಯ ಕಾರುಗಳು ಒಣನೆಲದಲ್ಲಿಯೇ ದೋಣಿವಿಹಾರ ಮಾಡುತ್ತವೆ. ಲೇಖಕನ ಕಾರಿನೊಳಗಿನ ‘ಕಟ್ ಕಟ್’ ಸದ್ದನ್ನು ಮನೆಯವರು ಇಲಿಯೆಂದೂ ಲೇಖಕನು ವಾಹನದ ವೃದ್ಧಾಪ್ಯವೆಂದೂ ವ್ಯಾಖ್ಯಾನಿಸಿದ್ದರು. ಡ್ಯಾಶ್‌ಬೋರ್ಡ್ ಕಳಚಿದಾಗ, ಸ್ಟೇರಿಂಗ್ ಹಿಡಿಯುವ ಪಟ್ಟಿಯ ಬೆಸುಗೆ ಬಿರಿದಿರುವುದೂ, ಹಿಂದೊಮ್ಮೆ ಯಾರೋ ಆ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಪೂರ್ತಿ ಮಜೂರಿ ಎಣಿಸಿಕೊಂಡಿರುವುದೂ ಬೆಳಕಿಗೆ ಬಂದವು. ಢಿಕ್ಕಿಯಾದಾಗ ಚಾಲಕನ ಎದೆಗೆ ಇರಿಯದೆ ತನ್ನೊಳಗೆ ತಾನೇ ಕುಸಿಯುವಂತೆ ಈಗಿನ ಸ್ಟೇರಿಂಗ್ ದಂಡ ರಚಿತವಾಗಿದೆಯಾದರೂ, ಹಾಗೆ ಕುಸಿಯಲು ಅದನ್ನು ಹಿಡಿದ ತೊಲೆ ಗಟ್ಟಿಯಾಗಿರಬೇಕು. ಆ ಪುಟ್ಟಿಯ ಭರವಸೆಯ ಮೇಲೆ ಎರಡು ವರ್ಷ ಮೊಮ್ಮಕ್ಕಳು ಶಾಲೆಗೆ ಹೋಗಿಬಂದರೆಂಬ ಲೆಕ್ಕ ಹಾಕಿದ ಮೇಲೆ, ಆ ಕುಶಲಕರ್ಮಿಯ ಬಗ್ಗೆ ಗ್ರಾಂಥಿಕ ಭಾಷೆಯಲ್ಲಿ ಬರೆಯುವುದು ಕಷ್ಟ.

ಆದ್ದರಿಂದ ತೊಲೆಯನ್ನೇ ಬದಲಿಸುವುದೆಂದಾಯಿತು. ಅದನ್ನು ಕಳಚುವ ಕ್ರಮ ಸರಳ. ಢಿಕ್ಕಿಯಲ್ಲಿ ಉಬ್ಬಿ ತಲೆ ಕಾಯುವ ಏರ್‌ಬ್ಯಾಗು ಭಾರತದಲ್ಲಿ ಚಾಲಕನ ಮಟ್ಟಿಗೆ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು, ಅದಿರುವ ಕಾರಿನಲ್ಲಿ ಬ್ಯಾಟರಿಯ ವಯರು ತೆಗೆದು, ಉಳಿದ ವಿದ್ಯುತ್ತು ಇಳಿಯಲು ಕೆಲವು ನಿಮಿಷ ಕಾಯಬೇಕು; ಲೇಖಕನು ಶಾಸ್ತ್ರಶ್ರದ್ಧೆಯಿಂದ, ಅರ್ಥಾತ್ ಹೆದರಿ, ಎರಡು ಚಹಾದಷ್ಟು ಹೊತ್ತು ಕಾಯ್ದನು.

ಆಮೇಲೆ ಬಿಚ್ಚಿ ಎಳೆದ ತೊಲೆಯು ಕಾರಿನ ಅಗಲದಷ್ಟೇ ಉದ್ದವಿದ್ದು ಬಾಗಿಲು ಅಷ್ಟಿಲ್ಲದಿರುವುದರಿಂದ, ಅರ್ಧ ಹೊರಬಂದ ತೊಲೆಯು ಅಲ್ಲಿಯೇ ನಿಂತು, ಅದರ ಕೆಳಗೆ ಲೇಖಕನೂ ನಿಂತನು, ಅಂದರೆ ಮಲಗಿದನು. ಕೊರಳಿಗೆ ವಯರಿನ ಕಟ್ಟು, ಎದೆಯ ಮೇಲೆ ತೊಲೆ, ಹೊರಗೆ ಎರಡು ಪಾದಗಳಷ್ಟೇ ಕಾಣುತ್ತಿದ್ದುದರಿಂದ ಊರವರು ಸಲಹೆಗಳನ್ನು ಪಾದಗಳಿಗೇ ನಿವೇದಿಸತೊಡಗಿದರು. ಬಾಗಿಲನ್ನೇ ಕೊಯ್ಯಬೇಕೆಂಬುದು ಒಂದು ಪಂಥ. ಲೇಖಕನನ್ನು ಮೊದಲು ಎಳೆಯಬೇಕೆಂಬುದು ಮತ್ತೊಂದು. ಎರಡನ್ನೂ ಒಟ್ಟಿಗೆ ಎಳೆಯಬೇಕೆಂಬುದು ಸಮನ್ವಯವಾದಿಗಳ ಮತ. “ತೊಲಿ ಅಂದಮ್ಯಾಲ ಕಾಯಿ ಒಡಿಯೂದ ಬ್ಯಾಡೇನೋ ತಮ್ಮಾ?” ಎಂದು ಮುದುಕಿಯೊಬ್ಬರು ಪಾದಗಳನ್ನು ಗದರಿದರು. ಕೊನೆಗೆ ಎತ್ತುಗಳನ್ನು ಸಾಕಿದ ಅಜ್ಜರೊಬ್ಬರು, ದೊಡ್ಡ ಕೊಂಬಿನ ಎತ್ತು ಗ್ವಾದಲಿಯಿಂದ, ಅಂದರೆ ಮೇವಿನ ಕಟ್ಟೆಯಿಂದ, ತಲೆ ತೆಗೆಯುವಾಗ ಮೊದಲು ಒಂದು ಕೊಂಬನ್ನು ತಗ್ಗಿಸಿ ಆಮೇಲೆ ಕತ್ತು ಹೊರಳಿಸುತ್ತದೆಂದು ತಿಳಿಸಿ, ತೊಲೆಯ ತುದಿಯನ್ನು ಹಾಗೆಯೇ ತಗ್ಗಿಸಿ ಹೊರಳಿಸಲು, ಅದು ಸುಖವಾಗಿ ಹೊರಬಂದಿತು.

ಹುಬ್ಬಳ್ಳಿಯ ಗುಜರಿಯಿಂದ ತಂದ ಬಾಗದ, ಬಿರುಕಿಲ್ಲದ ತೊಲೆಯನ್ನು ಮರುದಿನ ಕಾಯಿ ಒಡೆದ ನಂತರವೇ, ಎತ್ತಿನ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿ ಏರಿಸಲಾಯಿತು. ಹಳೆಯ ತೊಲೆಯನ್ನು ಅಜ್ಜರು ಗೌರವಧನವಾಗಿ ಕೇಳಿ ಒಯ್ದು ತಮ್ಮ ಗ್ವಾದಲಿಯ ಮೇಲೆ ಅಡ್ಡಲಾಗಿ ಬಿಗಿದಿದ್ದು, ಸ್ಟೇರಿಂಗಿನ ಆ ಬಿರುಕುಪಟ್ಟಿಗೆ ಈಗ ಅವರ ಹೋರಿಗರು ದಿನವೂ ಕುತ್ತಿಗೆ ಉಜ್ಜಿಕೊಳ್ಳುತ್ತದೆ.